ಅತ್ತೆ ಮಗಳ ಲೋಷನ್

ಮುಖಕ್ಕೆ ಹಚ್ಚುವುದರಲ್ಲಿ ಯಾವುದಕ್ಕೆ ದುಡ್ಡು ಸುರಿಯಬೇಕು, ಯಾವುದಕ್ಕೆ ಕೈ ಬಿಗಿ ಹಿಡಿಯಬೇಕು ಎಂದು ಕೇಳಲು ನಮ್ಮ ದ್ವೀಪದ ಪಟ್ಟಣ ನುಕುಅಲೋಫಾದ ಹೆಂಗಸರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ನಾನು ಕೆಲಸಕ್ಕಿದ್ದದ್ದು ಮಾರುಕಟ್ಟೆಯ ಹಿಂದಿನ ಔಷಧದ ಅಂಗಡಿಯಲ್ಲಿ. ಒಂದು ಗೋಡೆಗೆ ಜ್ವರದ ಮಾತ್ರೆ, ಕೆಮ್ಮಿನ ಔಷಧ. ಎದುರು ಗೋಡೆಗೆ ಕ್ರೀಮು, ಪೌಡರು, ತುಟಿಯ ಬಣ್ಣ. ಎದುರು ಗೋಡೆ ನನ್ನದು. ದುಬಾರಿಯದನ್ನು ಮಾರು ಎಂದು ಮಾಲೀಕರು ಹೇಳುತ್ತಿದ್ದರು, ನಾನು ನಿಜ ಹೇಳುತ್ತಿದ್ದೆ. "ಮುಖ ತೊಳೆಯೋದಕ್ಕೆ ಐವತ್ತು ಪಾಂಗ ಕೊಡಬೇಡಿ, ಅರ್ಧ ನಿಮಿಷದಲ್ಲಿ ಬಚ್ಚಲಿಗೆ ಹೋಗುತ್ತೆ. ಬಿಸಿಲಿಗೆ ಹಚ್ಚೋದರಲ್ಲಿ ಮಾತ್ರ ಜಿಪುಣತನ ಮಾಡಬೇಡಿ." ಹೀಗೆ ಕೇಳಿಸಿಕೊಂಡು ಹೋದವಳು ಮುಂದಿನ ತಿಂಗಳು ತಂಗಿಯನ್ನೂ ಕರೆದುಕೊಂಡು ಬರುತ್ತಿದ್ದಳು. ಸೈನಿ ಸುಳ್ಳು ಹೇಳುವವಳಲ್ಲ ಎಂದು ಊರಲ್ಲಿ ಹೆಸರಿತ್ತು. ಆಗ ನನಗೆ ಇಪ್ಪತ್ತು ವರ್ಷ.

ನಮ್ಮ ಮನೆಯಲ್ಲಿ ಈ ಲೆಕ್ಕ ಬೇರೆಯೇ ಇತ್ತು. ಅಜ್ಜಿ ಪೆಲೆನೈಸೆ ಬಟ್ಟೆ ಸೋಪನ್ನು ದಾರದಿಂದ ಕೊಯ್ದು ಎರಡು ಹೋಳು ಮಾಡಿ, ಒಂದು ಬಟ್ಟೆಗೆ ಒಂದು ಮುಖಕ್ಕೆ ಎನ್ನುವವಳು. ಎಣ್ಣೆಯ ಮಾತು ಬಂದರೆ ಮಾತ್ರ ಅವಳ ಕೈ ತಡೆಯುವವರಿಲ್ಲ. ತೆಂಗಿನ ತುರಿಯನ್ನು ಬಿಸಿಲಿಗಿಟ್ಟು ಇಳಿಸಿದ ಎಣ್ಣೆಗೆ ಹೂವು ಹಾಕಿ, ಅದರ ಮೇಲೆ ಗಂಧದ ಚಕ್ಕೆ ಹಾಕಿ ವಾರಗಟ್ಟಲೆ ಕಾಯುತ್ತಿದ್ದಳು. ಆ ಚಕ್ಕೆಗೆ ಕೊಟ್ಟ ದುಡ್ಡಿಗೆ ಒಂದು ಹಂದಿಮರಿ ಬರುತ್ತಿತ್ತು.

"ಸೋಪಿಗೆ ದಾರ, ಗಂಧಕ್ಕೆ ಹಂದಿಮರಿ. ಇದ್ಯಾವ ಲೆಕ್ಕಾನೋ," ಎಂದು ಅಮ್ಮ ಗೊಣಗುತ್ತಿದ್ದಳು.

"ಸೋಪು ತೊಳೆದು ಹೋಗುತ್ತೆ ಕಣೇ ಲೆಸಿಯೇಲಿ. ಎಣ್ಣೆ ಮೈಮೇಲೆ ಕೂತಿರುತ್ತೆ. ಜನ ನೋಡೋದು ಕೂತಿರೋದನ್ನ," ಎನ್ನುತ್ತಿದ್ದಳು ಅಜ್ಜಿ.

ಆ ವರ್ಷದ ಎಣ್ಣೆ ನನಗೆಂದೇ ಇಳಿಯುತ್ತಿತ್ತು. ಬಿರುಗಾಳಿಗೆ ಹಾರಿಹೋದ ಚರ್ಚಿನ ಸಭಾಭವನದ ಮಾಡಿಗೆ ದುಡ್ಡು ಎತ್ತಲು ಕುಣಿತದ ಸಂಜೆಯೊಂದನ್ನು ಇಟ್ಟಿದ್ದರು. ಕೊನೆಯ ಒಂಟಿ ಕುಣಿತ ನನ್ನದು ಎಂದು ಹೊಸ ವರ್ಷದ ದಿನವೇ ಗೊತ್ತಾಗಿತ್ತು. ಕೊನೆಯಲ್ಲಿ ಕುಣಿಯುವವಳಿಗೇ ಮರ್ಯಾದೆ ಹೆಚ್ಚು. ದೊಡ್ಡ ನೋಟುಗಳನ್ನು ಜನ ಅವಳಿಗೆಂದೇ ಜೇಬಲ್ಲಿ ಉಳಿಸಿಕೊಂಡಿರುತ್ತಾರೆ. ಎಣ್ಣೆ ಹಚ್ಚಿದ ತೋಳಿಗೆ, ಭುಜಕ್ಕೆ ಒಬ್ಬೊಬ್ಬರೇ ಬಂದು ನೋಟು ಅಂಟಿಸಿ ಹೋಗುವಾಗ ಮೈಯೆಲ್ಲ ಎಲೆ ತೊಟ್ಟ ಹಾಗೆ ಕಾಣುತ್ತದೆ. ದುಡ್ಡು ದೇವರಿಗೆ ಹೋದರೂ ಹೆಸರು ಹುಡುಗಿಗೆ ಉಳಿಯುತ್ತದೆ. ಕನ್ನಡಿಯ ಮುಂದೆ ತಲೆ ವಾಲಿಸಿ, ಬೆರಳು ಮಡಿಸಿ ನಾನು ನಾಲ್ಕು ತಿಂಗಳು ಕಲಿತಿದ್ದೆ.

ಇನ್ನು ಐದು ವಾರ ಉಳಿದಿದೆ ಎನ್ನುವಾಗ ಅಪ್ಪನ ಅಕ್ಕ ಕಲೊಲೈನೆ ಆಕ್ಲೆಂಡಿನಿಂದ ಮಗಳು ತಲಿತಾಳನ್ನು ಕರೆದುಕೊಂಡು ಬಂದಿಳಿದಳು.

ನಮ್ಮಲ್ಲಿ ಅಪ್ಪನ ಅಕ್ಕ ಕೇಳಿದ್ದಕ್ಕೆ ಇಲ್ಲ ಎನ್ನುವ ಬಾಯಿ ಯಾವ ತಮ್ಮನಿಗೂ ಇಲ್ಲ. ಅವಳ ಮಕ್ಕಳಿಗೂ ಅದೇ ಹಕ್ಕು. ಅತ್ತೆ ಬಂದವಳೇ ಕಿಟಕಿ ಪಕ್ಕದ ನನ್ನ ಹಾಸಿಗೆಯ ಮೇಲೆ ಕುಳಿತು, "ಇಲ್ಲಿ ಗಾಳಿ ಚೆನ್ನಾಗಿದೆ, ತಲಿತಾ ಇಲ್ಲೇ ಮಲಗ್ಲಿ," ಎಂದಳು. ನಾನು ದಿಂಬು ಎತ್ತಿಕೊಂಡು ಅಜ್ಜಿಯ ಚಾಪೆಗೆ ಹೋದೆ. ಅಕ್ಕನ ಎದುರು ಆರಾಮಾಗಿ ಕೂರುವುದು ತಮ್ಮನಿಗೆ ಸಲ್ಲದು, ಅಪ್ಪ ಜಗಲಿಗೆ ಹೋದ. ಊಟಕ್ಕೆ ತೆಂಗಿನ ಹಾಲಲ್ಲಿ ಕಲಸಿದ ಹಸಿ ಮೀನು, ಕೆಸುವಿನ ಗಡ್ಡೆ ಮಾಡಿದ್ದೆವು. ಅಪ್ಪನ ತಟ್ಟೆ ಜಗಲಿಗೇ ಹೋಯಿತು.

ಅತ್ತೆ ಒಳಗಿನಿಂದಲೇ ಕೂಗಿದಳು. "ಫೊಲಾವು, ಆ ಕೊನೇ ಕುಣಿತ ತಲಿತಾ ಕುಣೀಲಿ. ಅಲ್ಲಿ ನಾಲ್ಕು ವರ್ಷ ಕಲಿತಿದ್ದಾಳೆ."

"ಆಯ್ತಕ್ಕ," ಎಂದ ಅಪ್ಪ.

ನಾಲ್ಕು ತಿಂಗಳು ಕಲಿತದ್ದು ಒಂದು ಮಾತಿಗೆ ಹೋಯಿತು. ಅಪ್ಪ ಮೀನಿನ ಮುಳ್ಳು ಬಿಡಿಸುತ್ತಾ ತಲೆ ಎತ್ತಲೇ ಇಲ್ಲ.

ಅತ್ತೆ ಮಗಳನ್ನು ಕರೆದುಕೊಂಡು ಪಾದ್ರಿಗಳ ಮನೆಗೆ ಹೋದ ಕೂಡಲೇ ಅಮ್ಮ ಜಗಲಿಗೆ ಹೋದಳು. "ನಾಲಿಗೆ ಎಲ್ಲಿಟ್ಟಿದ್ರಿ?"

"ಅಕ್ಕ ಕೇಳಿದ್ಲು."

"ಅಕ್ಕ ಮಾಡು ಕೇಳಿದ್ರೆ ತಗಡು ಬಿಚ್ಚಿ ಕೊಡ್ತೀರಾ?"

"ಕೇಳಿದ್ರೆ ಕೊಡಬೇಕಲ್ಲ."

"ಇಪ್ಪತ್ತೆರಡು ವರ್ಷದಿಂದ ಕೊಡ್ತಾನೇ ಇದ್ದೀರಿ. ಒಳ್ಳೇ ಚಾಪೆ ಹೋಯ್ತು, ಹೆಣ್ಣು ಹಂದಿ ಹೋಯ್ತು. ಈಗ ಹುಡುಗೀದು."

"ನಿನ್ನ ತಮ್ಮನ ಮನೆಗೆ ಹೋದಾಗ ನೀನು ಬುಟ್ಟಿ ಖಾಲಿ ತರ್ತೀಯೇನು?" ಎಂದ ಅಪ್ಪ. ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಬಂದಳು. ಅವಳು ತಮ್ಮನ ಮನೆಯಿಂದ ತಂದ ಲಾಟೀನು ಅಡುಗೆಮನೆಯಲ್ಲೇ ತೂಗುತ್ತಿತ್ತು.

ತಲಿತಾ ನನಗಿಂತ ಒಂದು ವರ್ಷ ದೊಡ್ಡವಳು. ನಮ್ಮ ಮಾತು ಅವಳಿಗೆ ಅರ್ಧ ಬರುತ್ತಿತ್ತು, ಉಳಿದರ್ಧವನ್ನು ನಕ್ಕು ತುಂಬಿಸುತ್ತಿದ್ದಳು. ಬಚ್ಚಲ ಹಲಗೆಯ ಮೇಲೆ ಏಳು ಬಾಟಲಿ ಸಾಲಾಗಿ ಇಟ್ಟಳು. ಮುಖ ಎರಡು ಸಲ ತೊಳೆಯುತ್ತಿದ್ದಳು, ಮೊದಲು ಒಂದರಿಂದ, ಆಮೇಲೆ ಇನ್ನೊಂದರಿಂದ. ಮಳೆನೀರಿನ ತೊಟ್ಟಿ ಕಣ್ಣೆದುರಿಗೇ ಇಳಿಯಿತು. ಏಳರಲ್ಲಿ ಐದು ನನ್ನ ಗೋಡೆಯ ಮೇಲೂ ಇದ್ದವು, ದಿನಾ ಒರೆಸಿ ಇಡುತ್ತಿದ್ದೆನೇ ಹೊರತು ಒಂದನ್ನೂ ಕೊಂಡವಳಲ್ಲ. ಅದರಲ್ಲೊಂದು ಮೈಗೆ ಹಚ್ಚುವ ಲೋಷನ್, ನೂರ ಹತ್ತು ಪಾಂಗದ್ದು. ಹನ್ನೆರಡು ಗಂಟೆ ಜಿಡ್ಡಿಲ್ಲ, ಹೊಳಪಿಲ್ಲ ಎಂದು ಅದರ ಮೇಲೆ ಬರೆದಿತ್ತು. ಜೊತೆಗೆ ಎಣ್ಣೆ ಹೀರುವ ಪೌಡರೂ ಇತ್ತು. ಅವಳ ಮೈ ಸಿಪ್ಪೆ ಸುಲಿದ ಮೊಟ್ಟೆಯ ಹಾಗೆ ಒಂದೇ ಸಮ ಇತ್ತು, ಒಂದು ಕಲೆ ಇರಲಿಲ್ಲ. ನಾನು ಅವಳು ಸ್ನಾನಕ್ಕೆ ಹೋದಾಗ ಆ ಬಾಟಲಿಗಳನ್ನು ಒಂದೊಂದಾಗಿ ಮೂಸಿ, ಇದ್ದ ಹಾಗೇ ಇಡುತ್ತಿದ್ದೆ. ನನ್ನಷ್ಟಕ್ಕೆ ನನಗೆ ನಾಚಿಕೆಯಾಗುತ್ತಿತ್ತು, ಆದರೂ ಮೂಸುತ್ತಿದ್ದೆ.

ಭಾನುವಾರ ಚರ್ಚಿನ ಬಾಗಿಲಲ್ಲಿ ಹೆಂಗಸರು ಅವಳ ಕೆನ್ನೆ ಮುಟ್ಟಿ ನೋಡಿದರು. ಸೋಮವಾರ ಅವರಲ್ಲೊಬ್ಬಳು ನನ್ನ ಅಂಗಡಿಗೆ ಬಂದಳು. "ನಿಮ್ಮನೆ ಆಕ್ಲೆಂಡಿನ ಹುಡುಗಿ ಏನು ಹಚ್ತಾಳೋ ಅದನ್ನೇ ಕೊಡು."

"ನಿಮ್ಮ ಚರ್ಮಕ್ಕೆ ಅದು ಬೇಡ, ತೆಂಗಿನೆಣ್ಣೆ ಸಾಕು," ಎಂದೆ.

"ಎಣ್ಣೆ ಹಚ್ಚಿ ನಾವು ಹೀಗಾಗಿದ್ದೀವಲ್ಲ. ಅವಳದ್ದೇ ಕೊಡು."

ಕೊಟ್ಟೆ. ಸಂಬಳದ ದಿನ ಅದೇ ಸಾಲಿನ ಚಿಕ್ಕ ಸೀರಮ್ ಬಾಟಲಿಯನ್ನು ನನಗೂ ಕೊಂಡೆ. ಅದು ಅಮ್ಮನ ಕನ್ನಡಕಕ್ಕೆಂದು ಇಟ್ಟ ದುಡ್ಡು. ಅಮ್ಮ ಆಗ ಸೂಜಿಗೆ ದಾರ ಪೋಣಿಸುವುದನ್ನು ಬೆರಳಿನ ಅಂದಾಜಿನ ಮೇಲೆ ಮಾಡುತ್ತಿದ್ದಳು. ಬೇರೆಯವರಿಗೆ ನಾನು ಹೇಳುವ ಬುದ್ಧಿಮಾತು ನನಗೇ ತಾಕಲಿಲ್ಲ. ತಲಿತಾಳ ಹಲಗೆಯ ಮೇಲೆ ನನ್ನದೂ ಒಂದು ಇರಲಿ ಎನ್ನುವುದೊಂದೇ ತಲೆಯಲ್ಲಿತ್ತು.

ಎರಡೇ ದಿನಕ್ಕೆ ಅಮ್ಮನ ಕೈಗೆ ಸಿಕ್ಕಿತು. ಎಲ್ಲರೂ ಬೆಳಗಿನ ಬ್ರೆಡ್ಡು ತಿನ್ನುತ್ತಿದ್ದಾಗ ಬಾಟಲಿ ತಂದು ಚಾಪೆಯ ನಡುವೆ ಇಟ್ಟಳು.

"ಇದೆಷ್ಟು?"

"ನೂರಾ ನಲವತ್ತು."

"ನನ್ನ ಕಣ್ಣಿನ ದುಡ್ಡಾ?"

"ಮುಂದಿನ ಸಂಬಳದಲ್ಲಿ ಕನ್ನಡಕ ತರ್ತೀನಿ ಅಮ್ಮಾ."

"ತರ್ತೀಯ ಬಿಡು. ನನ್ನ ಕಣ್ಣು ಕಾಯುತ್ತೆ, ನಿನ್ನ ಮುಖ ಕಾಯಲ್ಲ." ಅಮ್ಮ ಅಲ್ಲೇ ಕಾಲು ಚಾಚಿ ಕುಳಿತು, ಬಾಟಲಿಯ ಮುಚ್ಚಳ ತೆಗೆದು ಒಡೆದ ಹಿಮ್ಮಡಿಗೆ ಸೀರಮ್ ಸವರಿಕೊಂಡಳು. ಒಂದು ಹಿಮ್ಮಡಿಗೆ ಅರ್ಧ ಬಾಟಲಿ, ಇನ್ನೊಂದಕ್ಕೆ ಉಳಿದರ್ಧ. "ಚೆನ್ನಾಗಿದೆ," ಎಂದಳು.

ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅತ್ತೆಯೂ ನಕ್ಕಳು. ತಲಿತಾ ಮಾತ್ರ ನಗಲಿಲ್ಲ. ಅವತ್ತು ಸಂಜೆ ತನ್ನ ಸೀರಮ್ ತಂದು, "ಇದು ಹಚ್ಕೊ ಸೈನಿ, ನಂದು ಇನ್ನೂ ತುಂಬ ಇದೆ," ಎಂದಳು.

"ಬೇಡ," ಎಂದೆ. ಅವಳು ಕೊಟ್ಟರೆ ಅದು ಭಿಕ್ಷೆಯಾಗಿ ಕಾಣುತ್ತಿತ್ತು.

ಮೂರನೇ ವಾರ ಫೂಸಿಯಮ್ಮ ಗೆಣಸಿನ ಬುಟ್ಟಿ ಹೊರಿಸಿಕೊಂಡು ಬಂದಳು. ಊರಿನ ಹೆಂಗಸರು ತೊಗಟೆ ಬಡಿದು ಬಟ್ಟೆ ಮಾಡುವ ಕೊಟ್ಟಿಗೆಗೆ ಅವಳೇ ಯಜಮಾನಿ. ಅವಳ ಮಗ ಸೊಲೊಮೊನೆ ಶಾಲೆಯ ಮೇಷ್ಟ್ರು. ಸುಮ್ಮನೆ ಬಂದೆ ಎಂದರೂ ಅವಳು ತಲಿತಾಳನ್ನು ನೋಡಲು ಬಂದಳೆಂದು ಹಂದಿಗಳಿಗೂ ಗೊತ್ತಿತ್ತು. ಅತ್ತೆ ಬಂದದ್ದೇ ಅದಕ್ಕೆ. ಮೇಷ್ಟ್ರು ಹೋದ ವರ್ಷ ಆಕ್ಲೆಂಡಿಗೆ ಹೋಗಿದ್ದಾಗ ತಲಿತಾಳ ಜೊತೆ ಚರ್ಚಿನಲ್ಲಿ ಹಾಡಿದ್ದನಂತೆ. ಅವನ ಹೆಸರು ಬಂದಾಗಲೆಲ್ಲ ಅವಳು ಕೆಂಪಗಾಗುತ್ತಿದ್ದಳು, ಯಾವ ಪೌಡರೂ ಅದನ್ನು ಮುಚ್ಚುತ್ತಿರಲಿಲ್ಲ.

"ಕುಣಿತ ಆಗ್ಲಿ. ಆ ಭಾನುವಾರ ನಿಮ್ಮನೇಲೇ ಊಟ ಮಾಡ್ತೀನಿ, ಆಗ ಮಾತಾಡೋಣ," ಎಂದು ಹೇಳಿ ಫೂಸಿಯಮ್ಮ ಎದ್ದಳು.

ಅವಳು ಹೋದ ಮೇಲೆ ಅಜ್ಜಿ ನನಗೆ ಹೇಳಿದಳು. "ಸೈನಿ, ನಾನು ಹೇಳಿದ್ದು ಆ ಹುಡುಗಿಗೆ ಅರ್ಥ ಆಗಲ್ಲ. ನೀನು ಬಿಡಿಸಿ ಹೇಳು. ಕುಣಿಯೋ ದಿನ ಮೈಗೆ ಆ ಬಾಟಲಿಗಳದ್ದು ಏನೂ ತಾಕಬಾರದು. ಚೆನ್ನಾಗಿ ತೊಳೆದು ಬರೀ ಎಣ್ಣೆ."

"ಹೇಳ್ತೀನಿ," ಎಂದೆ. ಹೇಳಬೇಕು ಅಂತಲೇ ಇದ್ದೆ.

ಆ ವಾರವೇ ತೊಟ್ಟಿಯ ಹತ್ತಿರ ಬಟ್ಟೆ ಒಗೆಯುವಾಗ ಅವಕಾಶವೂ ಸಿಕ್ಕಿತು. ತಲಿತಾ ಹಲ್ಲಿ ಕಂಡು ಹೆದರಿ ಬಕೆಟ್ ಬೀಳಿಸಿ, ಮತ್ತೆ ನೀರು ತುಂಬುತ್ತಾ ಕೇಳಿದಳು. "ಎಣ್ಣೆ ತುಂಬ ಹಚ್ಬೇಕಾ ಸೈನಿ? ನಂಗೆ ಭಯ."

"ಎಣ್ಣೆಗೆ ಯಾರಾದ್ರೂ ಹೆದರ್ತಾರಾ?"

"ಹದಿನೈದನೇ ವರ್ಷದಲ್ಲಿ ನನ್ನ ಮುಖ, ಬೆನ್ನು, ಭುಜ ಎಲ್ಲ ಮೊಡವೆ. ಶಾಲೆಯಲ್ಲಿ ನನ್ನನ್ನ ಹುರಿದ ಕೋಳಿ ಅಂತ ಕರೀತಿದ್ರು, ಅಷ್ಟು ಜಿಡ್ಡು. ಅಂಗಡಿಯಲ್ಲಿ ರಾತ್ರಿ ಪಾಳಿ ಮಾಡಿ ದುಡಿದಿದ್ದೆಲ್ಲ ಹೊಳಪು ತೆಗೆಯೋಕೇ ಸುರಿದೆ. ಬಟ್ಟೆ ಕೊಂಡಿಲ್ಲ, ಸಿನಿಮಾಗೆ ಹೋಗಿಲ್ಲ."

ಅದು ಕೇಳಿ ನನಗೆ ಪಾಪ ಅನಿಸಬೇಕಿತ್ತು. ಒಂದು ಕ್ಷಣ ಅನಿಸಿತು ಕೂಡ. ಅಷ್ಟರಲ್ಲಿ ಅಜ್ಜಿ ಬಾಗಿಲಿಗೆ ಬಂದು, "ತಲಿತಾ, ಬಾ ಮಗಾ, ತಲೆ ಬಾಚ್ತೀನಿ," ಎಂದು ಕರೆದಳು. ನನ್ನ ತಲೆ ಬಾಚುವ ಹೊತ್ತು ಅದು. ತಲಿತಾ ಕೈ ಒರೆಸಿಕೊಂಡು ಓಡಿದಳು, ಅವಳ ಬಟ್ಟೆಯನ್ನೂ ನಾನೇ ಹಿಂಡಿ ಹರವಿದೆ. ಅಜ್ಜಿಯ ಮಾತನ್ನು ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಕುಣಿತದ ದಿನ ಬಂದರೂ ಹೇಳಿರಲಿಲ್ಲ. ಮಧ್ಯಾಹ್ನ ಅಜ್ಜಿ ಗಂಧದ ಎಣ್ಣೆಯ ಸೀಸೆ ತೆಗೆದು ತಲಿತಾಳ ಕೈಗಿಟ್ಟಳು. ನನಗೆ ಕೊಟ್ಟದ್ದು ಹೋದ ವರ್ಷದ ಬರೀ ಎಣ್ಣೆ.

"ಆ ಚಕ್ಕೆ ಕುಟ್ಟಿದ್ದು ನಾನು," ಎಂದೆ.

"ಗೊತ್ತು ಮಗಾ. ಕೊನೆಯವಳಿಗೆ ಅಲ್ವಾ ಅದು," ಎಂದಳು ಅಜ್ಜಿ.

ಮಾಡಿಲ್ಲದ ಸಭಾಭವನಕ್ಕೆ ಟಾರ್ಪಾಲು ಕಟ್ಟಿದ್ದರು. ಮುಂದೆ ಚಾಪೆಯ ಮೇಲೆ ಹಿರಿಯರು, ಅವರ ಹಿಂದೆ ಊರೆಲ್ಲ, ಮೂಲೆಯಲ್ಲಿ ಗಿಟಾರು ಹಿಡಿದ ಹಾಡುಗಾರರು. ನನ್ನ ಸರದಿ ನಡುವೆ ಬಂತು. ಚೆನ್ನಾಗಿಯೇ ಕುಣಿದೆ. ಬಂದ ನೋಟುಗಳೆಲ್ಲ ತೋಳಿಗೆ ಅಂಟಿದವು, ಒಂದೂ ಬೀಳಲಿಲ್ಲ. ಆದರೆ ಎಲ್ಲ ಎರಡು, ಐದು ಪಾಂಗದವು. ಫೂಸಿಯಮ್ಮ ಕುಳಿತಲ್ಲಿಂದಲೇ ಎರಡು ಪಾಂಗ ಕಳಿಸಿಕೊಟ್ಟಳು. ಅವಳ ಮಡಿಲಲ್ಲಿ ಇಪ್ಪತ್ತರ ಕಟ್ಟು ಇತ್ತು, ನಾನು ನೋಡಿದೆ. ಅದು ಯಾರಿಗೆಂದು ಯಾರೂ ಹೇಳಬೇಕಾಗಿರಲಿಲ್ಲ.

ಕೊನೆಯ ಸರದಿ ಹತ್ತಿರವಾದಾಗ ಹಿಂದಿನ ಕೋಣೆಗೆ ಬಂದೆ, ಎದೆಯಲ್ಲಿ ಇನ್ನೂ ಬೆಂಕಿ ಇತ್ತು. ಅತ್ತೆ ಬಾಗಿಲಲ್ಲಿ ನಿಂತು, "ನಾನು ಮುಂದೆ ಹೋಗಿ ಕೂರ್ತೀನಿ, ನಿನ್ನ ಅಕ್ಕನಿಗೆ ನೀನೇ ಎಣ್ಣೆ ಹಚ್ಚು," ಎಂದು ಸೀಸೆ ಕೊಟ್ಟು ಹೋದಳು. ತಲಿತಾ ಒಬ್ಬಳೇ ನಿಂತಿದ್ದಳು. ಸೊಂಟಕ್ಕೆ ಎಲೆಯ ಪಟ್ಟಿ, ತಲೆಗೆ ಗರಿ. ತೋಳು ಮುಟ್ಟಿದೆ. ಒಣಗಿ ನುಣ್ಣಗಿತ್ತು.

"ಲೋಷನ್ ಹಾಕಿದ್ದೀಯಾ?"

"ಬೆವರ್ತಿತ್ತು. ಲೋಷನ್ ಹಾಕಿ ಮೇಲೆ ಪೌಡರ್ ಹಾಕ್ಕೊಂಡೆ." ಅವಳು ಮೂಲೆಯ ಬಕೆಟ್ ಕಡೆ ನೋಡಿದಳು. "ತೊಳೀಬೇಕಾ? ನೀರಿದೆ. ಇನ್ನೂ ಒಂದು ಹಾಡಿನಷ್ಟು ಹೊತ್ತಿದೆ."

ಆ ಲೋಷನ್ನಿನ ಮೇಲೆ ಏನು ಬರೆದಿದೆ ಎಂದು ಊರಲ್ಲಿ ಬಾಯಿಪಾಠ ಇದ್ದವಳು ನಾನೊಬ್ಬಳೇ. ಮೈಮೇಲೆ ಬಿದ್ದ ಎಣ್ಣೆಯನ್ನೆಲ್ಲ ಆ ಪೌಡರು ಕುಡಿದುಬಿಡುತ್ತದೆ ಎಂದು ಬಂದ ಗಿರಾಕಿಗಳಿಗೆಲ್ಲ ನಾನೇ ಹೇಳುತ್ತಿದ್ದೆ.

"ಬೇಡ. ಮೇಲಿಂದ ಸ್ವಲ್ಪ ಎಣ್ಣೆ ಸವರಿದ್ರೆ ಸಾಕು," ಎಂದೆ.

"ನಿಜವಾಗ್ಲೂ?"

"ನಿಜ."

"ನೀನಿರೋದು ಒಳ್ಳೇದಾಯ್ತು," ಎಂದು ಅವಳು ತೋಳು ಚಾಚಿದಳು. ನಾನು ಗಂಧದ ಎಣ್ಣೆಯನ್ನು ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ಸವರಿದೆ. ಕೈ ಎತ್ತುವಷ್ಟರಲ್ಲಿ ಅದು ಮಾಯವಾಯಿತು.

ತಲಿತಾ ಕುಣಿದದ್ದು ನನಗಿಂತ ಚೆನ್ನಾಗಿತ್ತು. ಅದನ್ನು ಹೇಳಲು ಈಗಲೂ ಹೊಟ್ಟೆ ಉರಿಯುತ್ತದೆ, ಆದರೆ ಇದ್ದದ್ದು ಇದ್ದ ಹಾಗೆ. ತಲೆ ವಾಲಿಸಿದಾಗ ಹಿರಿಯರು ಚಪ್ಪಾಳೆ ತಟ್ಟಿದರು. ಹಿರಿಯರಲ್ಲಿ ದೊಡ್ಡವರು ಮೊದಲು ಎದ್ದು ಬಂದು ಇಪ್ಪತ್ತರ ನೋಟನ್ನು ಅವಳ ಭುಜಕ್ಕೆ ಒತ್ತಿದರು. ನೋಟು ಜಾರಿ ಕೆಳಗೆ ಬಿತ್ತು. ಎತ್ತಿ ಮತ್ತೆ ಒತ್ತಿದರು, ಮತ್ತೆ ಬಿತ್ತು. ಅವರು ನಕ್ಕು ಅದನ್ನು ಅವಳ ಸೊಂಟದ ಪಟ್ಟಿಗೆ ಸಿಕ್ಕಿಸಿ ಹೋದರು. ಎರಡನೆಯವರದ್ದೂ ಬಿತ್ತು, ಮೂರನೆಯವರದ್ದೂ. ಆಮೇಲೆ ಯಾರೂ ನಗಲಿಲ್ಲ. ದೀಪದ ಬೆಳಕಿಗೆ ಅವಳ ಮೈ ಒಣಗಿದ ಹಲಗೆಯ ಹಾಗೆ ಕಾಣುತ್ತಿತ್ತು. ಮೈ ಹೊಳೆಯದ, ತೋಳು ನೋಟು ಹಿಡಿಯದ ಹುಡುಗಿ ಆಗಲೇ ಗಂಡಿನ ಸಂಗ ಕಂಡವಳು ಎಂದು ನಮ್ಮ ಮುದುಕಿಯರು ಹೇಳುವುದನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದವರೇ.

ನನ್ನ ಮುಂದೆಯೇ ಕುಳಿತಿದ್ದ ಫೂಸಿಯಮ್ಮ ಪಕ್ಕದವಳ ಕಿವಿಗೆ ಬಾಗಿದಳು. "ಆಕ್ಲೆಂಡಲ್ಲಿ ಬೆಳೆದ ಹುಡುಗಿ. ಬಾಯಿ ಸುಳ್ಳು ಹೇಳಬಹುದು, ಮೈ ಹೇಳುತ್ತಾ?" ಮಡಿಲಲ್ಲಿದ್ದ ಇಪ್ಪತ್ತರ ಕಟ್ಟನ್ನು ಚೀಲಕ್ಕೆ ಹಾಕಿಕೊಂಡಳು.

ಅತ್ತೆ ಎದ್ದು, ಮಗಳ ಹಿಂದೆ ಕುಣಿಯುವವಳಂತೆ ಕೈ ಬೀಸುತ್ತಾ ಬಿದ್ದ ನೋಟು ಆರಿಸಿದಳು. ಮುಖದಲ್ಲಿ ನಗು ಕಲ್ಲಾಗಿತ್ತು. ಅಮ್ಮ ನನ್ನ ಕಡೆ ತಿರುಗಿದಳು, "ನೀನೂ ಹೋಗೇ, ಜೊತೆಗೆ ನಿಲ್ಲು." ನನ್ನ ತೋಳು ಆಗಲೂ ಎಣ್ಣೆಯಿಂದ ಹೊಳೆಯುತ್ತಿತ್ತು. ನಾನು ಕುಳಿತೇ ಇದ್ದೆ. ತಲಿತಾ ಹಾಡು ಮುಗಿಯುವವರೆಗೂ ನಗುತ್ತಾ ಕುಣಿದಳು. ಏನು ತಪ್ಪಾಯಿತೆಂದು ಅವಳಿಗೆ ಗೊತ್ತಿರಲಿಲ್ಲ.

ಭಾನುವಾರ ಚರ್ಚಿನಿಂದ ಬಂದು, ಬೆಳಿಗ್ಗೆಯೇ ಅಡುಗೆ ಹೂತಿಟ್ಟಿದ್ದ ನೆಲದೊಲೆ ತೆರೆದೆವು. ಕೆಸುವಿನೆಲೆಯಲ್ಲಿ ಸುತ್ತಿದ ಮಾಂಸ, ಗೆಣಸು, ಹಂದಿಮರಿ ಎಲ್ಲ ಫೂಸಿಯಮ್ಮನಿಗೆಂದು ಮಾಡಿದ್ದು. ಒಳ್ಳೆಯ ಚಾಪೆ ಹಾಸಿ ಕಾದೆವು. ಎಲೆ ತಣ್ಣಗಾಯಿತು, ಅವಳು ಬರಲಿಲ್ಲ. ಹೇಳಿಯೂ ಕಳಿಸಲಿಲ್ಲ.

"ಬಡಿಸು," ಎಂದಳು ಅಜ್ಜಿ ಕೊನೆಗೆ.

ಅತ್ತೆ ತಟ್ಟೆ ಮುಟ್ಟಲಿಲ್ಲ. ಮಗಳ ಕಡೆ ತಿರುಗಿದಳು. "ಮೈಗೆ ಏನು ಹಚ್ಚಿದ್ದೆ?"

"ಲೋಷನ್. ಪೌಡರ್."

"ಕುಣಿಯೋ ದಿನ ಎಣ್ಣೆ ಬಿಟ್ಟು ಬೇರೇನೂ ಹಚ್ಚಬಾರದು ಅಂತ ಯಾರೂ ಹೇಳಲಿಲ್ವಾ ನಿಂಗೆ?"

"ನಾನು ಸೈನಿಗೆ ಹೇಳಿದ್ದೆ, ಇವಳಿಗೆ ಹೇಳು ಅಂತ," ಎಂದಳು ಅಜ್ಜಿ.

ಎಲ್ಲರೂ ನನ್ನ ಕಡೆ ನೋಡಿದರು. ತಲಿತಾಳೂ ನೋಡಿದಳು, ಬಹಳ ಹೊತ್ತು. ಆಗ ಅವಳಿಗೆ ಎಲ್ಲ ಗೊತ್ತಾಯಿತು. ಗೊತ್ತಾದದ್ದನ್ನು ನಾನು ಅವಳ ಮುಖದಲ್ಲಿ ಕಂಡೆ.

"ಸೈನಿ ಹೇಳಿದ್ಲು," ಎಂದಳು ತಲಿತಾ. "ನಾನೇ ಕೇಳಲಿಲ್ಲ. ತಪ್ಪು ನಂದು."

ಅತ್ತೆ ಬಯ್ಯತೊಡಗಿದಳು. ಮಾತು ಕೇಳದವಳು, ಮನೆಯ ಮಾನ ಕಳೆದವಳು, ನಾಳೆಯೇ ವಿಮಾನ ಹತ್ತು. ತಲಿತಾ ತಲೆ ತಗ್ಗಿಸಿ ಕೇಳುತ್ತಿದ್ದಳು. ಅಜ್ಜಿ ಅವಳ ಬೆನ್ನು ಸವರುತ್ತಿದ್ದಳು. ನಾನು ಬಚಾವಾಗಿದ್ದೆ. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಮತ್ತೆ ಅದೇ ಹೊಟ್ಟೆಯುರಿ. ನನ್ನ ಹಾಸಿಗೆ ತಗೊಂಡಳು, ಕುಣಿತ ತಗೊಂಡಳು, ಎಣ್ಣೆ ತಗೊಂಡಳು, ಅಜ್ಜಿಯ ಕೈ ತಗೊಂಡಳು. ಈಗ ನನ್ನ ತಪ್ಪನ್ನೂ ತಗೊಂಡು ನನಗಿಂತ ದೊಡ್ಡವಳಾಗಿ ಕುಳಿತಿದ್ದಾಳೆ.

"ಅವಳು ಸುಳ್ಳು ಹೇಳ್ತಿದ್ದಾಳೆ," ಎಂದೆ. "ನಾನು ಹೇಳಿರಲಿಲ್ಲ. ಅವತ್ತು ಅವಳೇ ಕೇಳಿದ್ಲು, ತೊಳೀಬೇಕಾ ಅಂತ. ನೀರೂ ಇತ್ತು. ಬೇಡ ಅಂದಿದ್ದು ನಾನು. ನೋಟು ಅಂಟಲ್ಲ ಅಂತ ಗೊತ್ತಿದ್ದೇ ಅಂದೆ."

ಅಮ್ಮನ ಕೈಯ ಸೌಟು ಹಾಗೇ ನಿಂತಿತು. "ಯಾಕೇ?"

"ಹೊಟ್ಟೆಕಿಚ್ಚು. ಇನ್ನೇನು."

ಜಗಲಿಯಲ್ಲಿ ಊಟ ಮಾಡುತ್ತಿದ್ದ ಅಪ್ಪ ಎದ್ದು ಒಳಗೆ ಬಂದ. ನಾನು ಹುಟ್ಟಿದಾಗಿನಿಂದ ಅವನು ಅಕ್ಕನಿರುವ ಕೋಣೆಯಲ್ಲಿ ಕುಳಿತದ್ದನ್ನು ಕಂಡಿರಲಿಲ್ಲ. ಅತ್ತೆಯ ಮುಂದೆ ಕಾಲು ಮಡಿಸಿ ಕುಳಿತು ಹಣೆಯನ್ನು ಚಾಪೆಗೆ ಮುಟ್ಟಿಸಿದ. "ನನ್ನ ಮಗಳದ್ದು ನನ್ನದೇ ತಪ್ಪು ಅಕ್ಕ. ಕ್ಷಮಿಸು."

ಆ ಬಗ್ಗಿದ ಬೆನ್ನು ನೋಡಿ ನನಗೆ ಅಳು ಬಂತು.

"ಏಳು ಫೊಲಾವು," ಎಂದಳು ಅತ್ತೆ. "ನನ್ನ ಹತ್ರ ಹೇಳಿ ಏನಾಗಬೇಕು? ಯಾರು ಆಡಿಕೊಳ್ತಿದ್ದಾರೋ ಅಲ್ಲಿ ಹೇಳ್ಲಿ. ನಾಳೆ ಕೊಟ್ಟಿಗೆಗೆ ಹೋಗಿ ಎಲ್ಲರ ಮುಂದೆ ಹೇಳ್ಲಿ."

"ಬೇಡಮ್ಮಾ," ಎಂದಳು ತಲಿತಾ.

"ನೀನು ಸುಮ್ನಿರು," ಎಂದೆವು ನಾನೂ ಅತ್ತೆಯೂ ಒಟ್ಟಿಗೆ.

ಸೋಮವಾರ ಅಂಗಡಿಗೆ ರಜೆ ಹೇಳಿ ತಲಿತಾಳ ಜೊತೆ ಕೊಟ್ಟಿಗೆಗೆ ಹೋದೆ. ಉದ್ದದ ದಿಮ್ಮಿಯ ಎರಡೂ ಕಡೆ ಅಜ್ಜಿಯೂ ಸೇರಿ ಹನ್ನೆರಡು ಹೆಂಗಸರು ಕೊಡತಿ ಹಿಡಿದು ತೊಗಟೆ ಬಡಿಯುತ್ತಿದ್ದರು. ಹನ್ನೆರಡರಲ್ಲಿ ಹತ್ತು ಜನ ನನ್ನ ಗಿರಾಕಿಗಳು. ತಲಿತಾಳನ್ನು ಕಂಡ ಕೂಡಲೇ ಏಟು ಮೆಲ್ಲಗಾದವು. ಅವಳು ಬಾಗಿಲಲ್ಲೇ ನಿಂತಳು. ನಾನು ದಿಮ್ಮಿಯ ತುದಿಗೆ ಹೋಗಿ, ಭಾನುವಾರ ಹೇಳಿದ್ದನ್ನೇ ಹೇಳಿದೆ. ಏನನ್ನೂ ಬಿಡಲಿಲ್ಲ. ಹೊಟ್ಟೆಕಿಚ್ಚು ಎನ್ನುವುದನ್ನೂ ಹೇಳಿದೆ.

ಕೊಡತಿಗಳು ಪೂರ್ತಿ ನಿಂತವು.

ಫೂಸಿಯಮ್ಮ ಕಣ್ಣು ಕಿರಿದು ಮಾಡಿ ಕೇಳಿದಳು. "ಆ ಲೋಷನ್ ಎಷ್ಟು?"

"ನೂರಾ ಹತ್ತು ಪಾಂಗ."

"ಅದೇನು ಮಾಡುತ್ತೆ?"

"ಮೈ ಹೊಳೀದ ಹಾಗೆ ಮಾಡುತ್ತೆ."

"ನೂರಾ ಹತ್ತು ಕೊಟ್ಟು ಹೊಳಪು ತೆಗೆಸ್ತಾರಾ?"

"ಹೌದು. ಪೌಡರಿಗೆ ಬೇರೆ."

ಯಾರೋ ಒಬ್ಬಳು ಕಿಸಕ್ಕೆಂದಳು, ಆಮೇಲೆ ಎಲ್ಲರೂ ನಕ್ಕರು. ಫೂಸಿಯಮ್ಮ ನಗಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹೋದ ತಿಂಗಳು ನನ್ನ ಮಂಡಿಗೆ ಒಂದು ಮುಲಾಮು ಕೊಟ್ಟೆಯಲ್ಲ, ಅದಾದ್ರೂ ನಿಜಾನಾ?"

"ನಿಜ," ಎಂದೆ. ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಆ ವಾರದಿಂದ ನನ್ನ ಗೋಡೆಯ ಹತ್ತಿರ ಬರುವ ಹೆಂಗಸರು ಬಾಟಲಿಯ ಹಿಂದಿನ ಅಕ್ಷರವನ್ನು ತಾವೇ ಓದಿ ನೋಡತೊಡಗಿದರು.

"ನಾನು ಆಡಿದ ಮಾತು ನಾನೇ ನುಂಗಬೇಕು," ಎಂದಳು ಫೂಸಿಯಮ್ಮ ತಲಿತಾಳಿಗೆ. "ಬಾ ಮಗಾ, ಕೂತ್ಕೊ. ಮುಂದಿನ ಭಾನುವಾರ ಊಟಕ್ಕೆ ಬರ್ತೀನಿ ಅಂತ ನಿಮ್ಮಮ್ಮನಿಗೆ ಹೇಳು." ಅಜ್ಜಿಯ ಪಕ್ಕದ ಜಾಗ ತೋರಿಸಿದಳು. ಅದು ನನ್ನ ಜಾಗ. ಹತ್ತು ವರ್ಷದಿಂದ ನಾನು ಅಜ್ಜಿಯ ಪಕ್ಕದಲ್ಲೇ ಬಡಿದವಳು. "ನೀನು ನೀರು ಹೊತ್ಕೊಂಡು ಬಾ," ಎಂದಳು ನನಗೆ.

ನೀರು ತಂದು ತೊಗಟೆಗೆ ಚಿಮುಕಿಸುತ್ತಾ ನಿಂತೆ. ತಲಿತಾ ನನ್ನ ಕೊಡತಿ ಹಿಡಿದಿದ್ದಳು. ಬಿಗಿಯಾಗಿ ಹಿಡಿದು ಬಡಿಯುತ್ತಿದ್ದುದರಿಂದ ಅವಳ ಏಟು ಎಲ್ಲರ ಏಟಿನ ನಡುವೆ ತಪ್ಪಿ ತಪ್ಪಿ ಬೀಳುತ್ತಿತ್ತು, ತೊಗಟೆ ಹರಿಯುವ ಹಾಗಿತ್ತು. ಹೆಂಗಸರು ತುಟಿ ಕಚ್ಚಿ ನಗು ತಡೆದರು. ನನಗೂ ಒಳಗೊಳಗೇ ಹಿತವಾಯಿತು, ಸುಳ್ಳು ಯಾಕೆ ಹೇಳಲಿ. ಅವಳ ಕಿವಿ ಕೆಂಪಾಗುತ್ತಾ ಬಂತು. ಮತ್ತೆ ನಾಲ್ಕು ಏಟು ತಪ್ಪಿದ ಮೇಲೆ ಬಕೆಟ್ ಕೆಳಗಿಟ್ಟು ಅವಳ ಪಕ್ಕ ಬಗ್ಗಿದೆ.

"ಮಣಿಕಟ್ಟು ಸಡಿಲ ಬಿಡು," ಎಂದೆ. "ಕೊಡತಿ ತಾನೇ ಏಳುತ್ತೆ."

ಅವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. "ಈ ಸಲ ನಿಜ ಹೇಳ್ತಿದ್ದೀಯಾ?"

"ಹೇಳ್ತಿದ್ದೀನಿ."

ಅವಳು ಮಣಿಕಟ್ಟು ಸಡಿಲ ಬಿಟ್ಟಳು.